ಹಳೆಯ ಚಿತ್ರಗಳ ಮನೆಪ್ರತಿಗಳು: ಪಾಠನಿರ್ಣಯದ ದೃಷ್ಟಿಯಿಂದ ಒಂದು ವಿವೇಚನೆ

1

ಹಳೆಯ ಕನ್ನಡ ಚಿತ್ರಗಳನ್ನು ಕುರಿತು ಬರೆಯುವವರು ಈಗ ಕಡಮೆಯಿಲ್ಲ. ಪತ್ರಿಕೆಗಳಲ್ಲಿಯೂ ಕಾಲೇಜುಗಳ ಸಂಚಿಕೆಗಳಲ್ಲಿಯೂ ‘ಸಂಸ್ಕಾರ’, ‘ಶರಪಂಜರ’, ‘ಘಟಶ್ರಾದ್ಧ’ ಮೊದಲಾದ ಚಿತ್ರಗಳ ವಿಚಾರವಾಗಿ ಲೇಖನಗಳು ಬರುತ್ತಲೇ ಇವೆ. ವಿದ್ಯಾರ್ಥಿಗಳು ಇವನ್ನೇ ಆಧಾರವಾಗಿಟ್ಟುಕೊಂಡು ಸಂಪ್ರಬಂಧಗಳನ್ನು ಬರೆಯುತ್ತಿದ್ದಾರೆ. ಇದು ಸಂತೋಷಪಡತಕ್ಕ ಸಂಗತಿ. ಆದರೆ ಈ ಬರೆಹಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಲೇಖಕರು ಚಿತ್ರವನ್ನು ಎಲ್ಲಿ, ಯಾವ ರೂಪದಲ್ಲಿ, ಯಾವ ಪ್ರತಿಯಲ್ಲಿ ನೋಡಿದರೆಂಬುದನ್ನು ಹೇಳುವುದೇ ಇಲ್ಲ. 1970ರಲ್ಲಿ ತಯಾರಾದ ಚಿತ್ರವೊಂದನ್ನು ಚಿತ್ರಮಂದಿರದ ತೆರೆಯ ಮೇಲೆ ಕಂಡ ಪ್ರೇಕ್ಷಕನೂ, ಅದನ್ನೇ ಮೂವತ್ತು ವರ್ಷಗಳ ಅನಂತರ ಬಾಡಿಗೆಗೆ ತಂದ ತಟ್ಟೆಯೊಂದರಲ್ಲಿ ಕಂಡ ಪ್ರೇಕ್ಷಕನೂ ಒಂದೇ ವಸ್ತುವನ್ನು ಕಂಡರೆಂದು ಎಲ್ಲರೂ ಭಾವಿಸಿದಂತಿದೆ.

ಈ ಭಾವನೆ ಸರಿಯಲ್ಲವೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಟೇಪು, ವಿಸಿಡಿ, ಡಿವಿಡಿಗಳ ರೂಪದಲ್ಲಿ ಮನೆಗಳಿಗೆ ಬಂದ ಹಳೆಯ ಚಿತ್ರಗಳನ್ನು ಇಲ್ಲಿ ಅನುಕೂಲಕ್ಕಾಗಿ ‘ಮನೆಪ್ರತಿ’ಗಳೆಂದು ಕರೆದಿದೆ. ಓಲೆಗರಿಯ ಕಾವ್ಯಕ್ಕೆ ಲಿಪಿಕಾರನ ಪ್ರತಿ ಹೇಗೋ ಚಲನಚಿತ್ರಕ್ಕೆ ಮನೆಪ್ರತಿ ಹಾಗೆ. ಆದುದರಿಂದ ಇದರ ವಿಮರ್ಶೆ ಗ್ರಂಥಸಂಪಾದನೆಯಂತೆಯೇ ಪ್ರತಿಯ ಪರಿಶೀಲನೆಯಿಂದ ಆರಂಭವಾಗತಕ್ಕದ್ದು. ಕಥೆ, ಅಭಿನಯ, ನಿರ್ದೇಶನ ಮುಂತಾದವುಗಳ ಗುಣದೋಷವಿಚಾರ ಅನಂತರದ ಕೆಲಸ.

ಬೆಂಗಳೂರಿನ ಓದುಗರಿಗೆ ಈ ಮಾತು ಅಪರಿಚಿತವಾಗಬೇಕಾಗಿಲ್ಲ. ಪಂಪಭಾರತವನ್ನು ಬಿ. ಎಲ್. ರೈಸರು 1898ರಲ್ಲಿ ಅಚ್ಚು ಹಾಕಿಸಿದರು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಅದೇ ಕಾವ್ಯವನ್ನು 1931ರಲ್ಲಿ ಪುನಃ ಪರಿಷ್ಕರಿಸಿ ಪ್ರಕಟಿಸಿತು. ಒಮ್ಮೆ ಅಚ್ಚಾದ ಗ್ರಂಥವನ್ನು ಮತ್ತೆ ಸಂಪಾದಿಸುವ ಶ್ರಮವೇಕೆಂದು ಆಗ ವಿದ್ವಾಂಸರು ಕೇಳಲಿಲ್ಲ. ಕೈಯಲ್ಲಿರುವ ಪುಸ್ತಕ ಬೇರೆ, ಕವಿಯ ಪಾಠ ಬೇರೆಯಾಗಿರಬಹುದೆಂಬ ವಿವೇಕ ಅವರಲ್ಲಿ ಇತ್ತು. ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪ್ರಕಟಿಸಿದಾಗ ಈ ವಿವೇಕಕ್ಕೆ ಶಾಸ್ತ್ರದ ರೂಪ ದೊರೆಯಿತು. ಕಾವ್ಯದ ವಿಷಯದಲ್ಲಿ ನಾವು ಪಾಲಿಸುವ ಎಚ್ಚರವನ್ನು ಚಿತ್ರದ ವಿಷಯದಲ್ಲಿ ಕೈಬಿಡಲು ತಕ್ಕ ಕಾರಣ ಕಾಣುವುದಿಲ್ಲ.

2

ಮನೆಪ್ರತಿಗಳು ನಮ್ಮಲ್ಲಿ ಹೇಗೆ ಬಂದವೆಂಬುದನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚಿ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ವೈ. ವಿ. ರಾವ್ ಅದನ್ನು ನಿರ್ದೇಶಿಸಿದರು, ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಮುಂತಾದವರು ನಟಿಸಿದರು. ಚಾಮರಾಜಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿ ಜನ ಗುಂಪುಗೂಡಿ ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡ ವಾಕ್ಚಿತ್ರದ ಇತಿಹಾಸವು ಹೀಗೆ ಒಂದು ಗ್ರಂಥಪಾತದಿಂದಲೇ ಆರಂಭವಾಗುತ್ತದೆ.

ಈ ನಷ್ಟಕ್ಕೆ ಕಾರಣಗಳು ಸ್ಪಷ್ಟವಾಗಿವೆ. 1950ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಬೇಗನೆ ಹೊತ್ತಿಕೊಳ್ಳುವ, ತಾನಾಗಿಯೇ ಕೊಳೆಯುವ ಪದಾರ್ಥ. ಚಿತ್ರದ ಓಟ ಮುಗಿದ ಮೇಲೆ ಪ್ರತಿಗಳಿಗೆ ಬೆಲೆಯಿಲ್ಲವೆಂದು ವ್ಯಾಪಾರಿಗಳು ತಿಳಿದಿದ್ದರು. ರಾಷ್ಟ್ರೀಯ ಚಲನಚಿತ್ರ ಭಂಡಾರವು ಪುಣೆಯಲ್ಲಿ ಸ್ಥಾಪಿತವಾದದ್ದು 1964ರಲ್ಲಿ, ಅಂದರೆ ನಮ್ಮ ಮೊದಲ ವಾಕ್ಚಿತ್ರ ತೆರೆಕಂಡ ಮೂವತ್ತು ವರ್ಷಗಳ ಮೇಲೆ. ಪಿ. ಕೆ. ನಾಯರ್ ಅವರಂಥ ಶ್ರದ್ಧಾವಂತರು ಅಲ್ಲಿ ಕೂಡಿಸಿದ ಸಂಪತ್ತು ದೊಡ್ಡದು. ಆದರೆ 2003ರಲ್ಲಿ ಪುಣೆಯಲ್ಲಿ ನಡೆದ ಬೆಂಕಿಯ ಅನಾಹುತದಲ್ಲಿ ಅಲ್ಲಿಯ ನೈಟ್ರೇಟ್ ಫಿಲ್ಮುಗಳ ಬಹುಭಾಗ ನಾಶವಾಯಿತು.

ಚಿತ್ರಮಂದಿರದ ಹೊರಗೆ ಹಳೆಯ ಚಿತ್ರಗಳನ್ನು ನೋಡುವ ಮೊದಲ ವ್ಯವಸ್ಥಿತ ಅವಕಾಶವನ್ನು ನಮ್ಮ ನಗರದ ಈ ಭಾಗಕ್ಕೆ ಕಲ್ಪಿಸಿದವು ಚಿತ್ರಸಮಾಜಗಳು. 1971ರಲ್ಲಿ ಆರಂಭವಾದ ಸುಚಿತ್ರ ಚಿತ್ರಸಮಾಜ ಅವುಗಳಲ್ಲಿ ಮುಖ್ಯವಾದುದು. ಅಲ್ಲಿ ತೋರಿಸುತ್ತಿದ್ದುದು ಫಿಲ್ಮಿನ ಪ್ರತಿಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಮಾರನೆಯ ವರ್ಷ ದೆಹಲಿಯ ಏಷ್ಯಾ ಕ್ರೀಡಾಕೂಟದ ಸಂದರ್ಭದಲ್ಲಿ ವರ್ಣಪ್ರಸಾರ ಆರಂಭವಾಯಿತು. ವಿಡಿಯೋ ಯಂತ್ರಗಳೂ ಮಧ್ಯಮವರ್ಗದ ಮನೆಗಳನ್ನು ಹೊಕ್ಕವು. ಬಸವನಗುಡಿ, ಮಲ್ಲೇಶ್ವರಗಳ ಅಡ್ಡರಸ್ತೆಗಳಲ್ಲಿ ಟೇಪುಗಳನ್ನು ದಿನಬಾಡಿಗೆಗೆ ಕೊಡುವ ಅಂಗಡಿಗಳು ತಲೆಯೆತ್ತಿದವು. 1990ರ ದಶಕದ ಕೊನೆಯಿಂದ ಅವುಗಳ ಸ್ಥಾನವನ್ನು ವಿಸಿಡಿ ತಟ್ಟೆಗಳು ಆಕ್ರಮಿಸಿದವು. ಅನಂತರ ಡಿವಿಡಿ ಬಂದಿತು. ಈಗ ಈ ವ್ಯಾಪಾರವೇ ಬಹುಮಟ್ಟಿಗೆ ಅಳಿದಿದೆ. ವಿ.ಎಚ್.ಎಸ್. ಯಂತ್ರಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು.

ಮನೆಪ್ರತಿಗಳು ಮಾಡಿದ ಉಪಕಾರವನ್ನು ಮರೆಯಲಾಗದು. ಚಿತ್ರಮಂದಿರಕ್ಕೆ ಹೋಗಲಾರದ ವೃದ್ಧರು, ಗೃಹಿಣಿಯರು, ದೂರದ ಊರುಗಳ ಮತ್ತು ಹೊರದೇಶಗಳ ಕನ್ನಡಿಗರು ಹಳೆಯ ಚಿತ್ರಗಳನ್ನು ಕಂಡದ್ದು ಇವುಗಳಿಂದಲೇ. ಇಂದಿನ ಅಧ್ಯಾಪಕರಲ್ಲಿ ಅನೇಕರು ‘ಬೇಡರ ಕಣ್ಣಪ್ಪ’ನನ್ನು ಕಂಡದ್ದೂ ಹೀಗೆಯೇ. ಉಪಕಾರಸ್ಮರಣೆ ಬೇರೆ, ಪ್ರಮಾಣಪರೀಕ್ಷೆ ಬೇರೆ. ಒಂದು ಇನ್ನೊಂದಕ್ಕೆ ಅಡ್ಡಬರಬಾರದು.

3

ಮನೆಪ್ರತಿಯಲ್ಲಿ ಚಿತ್ರವು ಯಾವ ಯಾವ ವಿಧದಲ್ಲಿ ಮಾರ್ಪಡುತ್ತದೆಂಬುದನ್ನು ಈಗ ನೋಡಬಹುದು.

ಮೊದಲನೆಯದು ಬಿಂಬದ ಸೂಕ್ಷ್ಮತೆ. ವಿಸಿಡಿಯ ಒಂದು ಚೌಕಟ್ಟಿನಲ್ಲಿ 352ಕ್ಕೆ 288ರಂತೆ ಸುಮಾರು ಒಂದು ಲಕ್ಷ ಬಿಂದುಗಳಿರುತ್ತವೆ. ಡಿವಿಡಿಯಲ್ಲಿ 720ಕ್ಕೆ 576ರಂತೆ ನಾಲ್ಕು ಲಕ್ಷಕ್ಕೆ ಸ್ವಲ್ಪ ಮೇಲೆ. 35 ಮಿಲಿಮೀಟರಿನ ನೆಗೆಟಿವನ್ನು ಇಂದಿನ ‘4ಕೆ’ ಕ್ರಮದಲ್ಲಿ ಪೂರ್ಣವಾಗಿ ಗ್ರಹಿಸಿದರೆ ಬಿಂದುಗಳ ಸಂಖ್ಯೆ ಒಂದು ಕೋಟಿಯನ್ನು ಮೀರುತ್ತದೆ. ಈ ಅಂತರ ಬಹುವಾಗಿ ಬಾಧಿಸುವುದು ಕಪ್ಪುಬಿಳುಪಿನ ಚಿತ್ರಗಳನ್ನು, ಅದರಲ್ಲಿಯೂ ರಾತ್ರಿಯ ದೃಶ್ಯಗಳನ್ನು. ಕಪ್ಪಿಗೂ ಬಿಳುಪಿಗೂ ನಡುವಣ ನೂರಾರು ಛಾಯೆಗಳಲ್ಲಿ ಛಾಯಾಗ್ರಾಹಕನ ಕಲೆ ಅಡಗಿರುತ್ತದೆ. ತಟ್ಟೆಯಲ್ಲಿ ಅವು ಕೆಲವೇ ಛಾಯೆಗಳಾಗಿ ಹೆಪ್ಪುಗಟ್ಟುತ್ತವೆ.

ಎರಡನೆಯದು ಚೌಕಟ್ಟಿನ ಅಳತೆ. ಹಳೆಯ ದೂರದರ್ಶನದ ತೆರೆ ನಾಲ್ಕಕ್ಕೆ ಮೂರರ ಪ್ರಮಾಣದ್ದು. ಕನ್ನಡದ ಮೊದಲ ಸಿನೆಮಾಸ್ಕೋಪ್ ಚಿತ್ರವೆಂದು ಪ್ರಸಿದ್ಧವಾದ ‘ಸೊಸೆ ತಂದ ಸೌಭಾಗ್ಯ’ (1977) ಮೊದಲುಗೊಂಡು ವಿಶಾಲ ಚೌಕಟ್ಟಿನ ಚಿತ್ರಗಳನ್ನು ಆ ತೆರೆಯ ತುಂಬ ತೋರಿಸಬೇಕಾದರೆ ಎಡಬಲಗಳನ್ನು ಕತ್ತರಿಸಬೇಕು. ಚಿತ್ರದ ನೂರರಲ್ಲಿ ನಲವತ್ತಕ್ಕಿಂತ ಹೆಚ್ಚು ಭಾಗ ಹೀಗೆ ಹೋಗುತ್ತದೆ. ಈಚಿನ ಅಗಲ ತೆರೆಗಳಲ್ಲಿ ಇದಕ್ಕೆ ವಿರುದ್ಧವಾದ ಅಪಾಯ ಉಂಟು. 1950 ಮತ್ತು 60ರ ದಶಕಗಳ ಚಿತ್ರಗಳನ್ನು ತೆರೆ ತುಂಬುವಂತೆ ಹಿಗ್ಗಿಸಿದರೆ ಮೇಲುಕೆಳಗಿನ ಕಾಲುಭಾಗ ಮಾಯವಾಗುತ್ತದೆ. ನಟನ ಹಣೆಯನ್ನು ಕತ್ತರಿಸಿದ ಚಿತ್ರಣವನ್ನು ಕಂಡು ಛಾಯಾಗ್ರಾಹಕನಿಗೆ ಚೌಕಟ್ಟಿನ ಪ್ರಜ್ಞೆ ಇರಲಿಲ್ಲವೆಂದು ಬರೆಯುವ ವಿಮರ್ಶಕನು ತಪ್ಪನ್ನು ಬೇರೊಬ್ಬನ ತಲೆಗೆ ಕಟ್ಟುತ್ತಿರುತ್ತಾನೆ.

ಮೂರನೆಯದು ವೇಗ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ನಮ್ಮ ದೇಶದ ದೂರದರ್ಶನದ ಕ್ರಮದಲ್ಲಿ 25. ಆದುದರಿಂದ ಈ ಕ್ರಮಕ್ಕೆ ನೇರವಾಗಿ ಇಳಿಸಿದ ಪ್ರತಿ ಮೂಲಕ್ಕಿಂತ ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತದೆ. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಶ್ರುತಿಯನ್ನು ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಏರುತ್ತದೆ. ಆ ಏರಿಕೆ ಹಾರ್ಮೋನಿಯಮ್ಮಿನ ಎರಡು ಅಕ್ಕಪಕ್ಕದ ಮನೆಗಳ ಅಂತರದಲ್ಲಿ ಸುಮಾರು ಮುಕ್ಕಾಲು ಪಾಲು. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ರಾಮನವಮಿಯ ಕಚೇರಿಗಳನ್ನು ಕೇಳಿ ಪಳಗಿದ ಕಿವಿಗೆ ಈ ವ್ಯತ್ಯಾಸ ತಿಳಿಯದೆ ಇರದು. ಗಾಯಕನೊಬ್ಬನ ಬಾಳನ್ನೇ ವಸ್ತುವಾಗಿ ಉಳ್ಳ, ಬಾಲಮುರಳಿಕೃಷ್ಣರ ಕಂಠವನ್ನು ಕೇಳಿಸುವ ‘ಹಂಸಗೀತೆ’ಯಂಥ (1975) ಚಿತ್ರದ ವಿಮರ್ಶೆಯಲ್ಲಿ ಇದನ್ನು ಅಲ್ಪವಿಷಯವೆಂದು ತಳ್ಳಿಹಾಕುವುದು ಹೇಗೆ?

ನಾಲ್ಕನೆಯದು ಉದ್ದ. ಇದೇ ಎಲ್ಲಕ್ಕಿಂತ ಮುಖ್ಯವಾದುದು. ಒಂದು ವಿಸಿಡಿಯಲ್ಲಿ ಸುಮಾರು 74ರಿಂದ 80 ನಿಮಿಷಗಳ ಚಿತ್ರ ಹಿಡಿಯುತ್ತದೆ. 170 ನಿಮಿಷಗಳ ಹಳೆಯ ಚಿತ್ರವೊಂದು ವೇಗವಾಗಿ ಓಡಿದರೂ ಎರಡು ತಟ್ಟೆಗಳಲ್ಲಿ ಅಡಗದು. ಮೂರನೆಯ ತಟ್ಟೆಯ ಖರ್ಚನ್ನು ಉಳಿಸಲು ಒಂದು ಹಾಡನ್ನೋ ಹಾಸ್ಯಪ್ರಸಂಗವನ್ನೋ ಬಿಟ್ಟುಬಿಡುವ ಆಸೆ ವ್ಯಾಪಾರಿಗೆ ಹುಟ್ಟುವುದು ಸಹಜ. ಮೂಲದ ಪ್ರಿಂಟೇ ಸವೆದು ರೀಲಿನ ತುದಿಗಳು ಹರಿದಿದ್ದರೆ ಅಲ್ಲಿಯೂ ಲೋಪವಾಗುತ್ತದೆ. ಇದರ ಜೊತೆಗೆ ವಿರಾಮದ ಸ್ಥಾನವೂ ಕೆಡುತ್ತದೆ. ನಮ್ಮ ಚಿತ್ರಗಳಲ್ಲಿ ವಿರಾಮವು ಕಥೆಯ ಕಟ್ಟಡದ ಒಂದು ಕಂಬ. ಬರೆಹಗಾರನು ಪೂರ್ವಾರ್ಧವನ್ನು ಅದರ ಕಡೆಗೆ ನಡೆಸಿಕೊಂಡು ಬಂದಿರುತ್ತಾನೆ. ತಟ್ಟೆ ಮುಗಿದ ಕಡೆ ಕಥೆ ನಿಂತು, ವಿರಾಮವಿದ್ದ ಕಡೆ ಕಥೆ ಓಡಿದರೆ ಆ ಕಟ್ಟಡದ ತಿಳಿವಳಿಕೆ ವಿದ್ಯಾರ್ಥಿಗೆ ಆಗುವುದಿಲ್ಲ.

ಉದ್ದದ ಪರೀಕ್ಷೆಗೆ ಒಂದು ಸುಲಭೋಪಾಯ ಉಂಟು. 1952ರ ಸಿನೆಮಾಟೋಗ್ರಾಫ್ ಕಾಯಿದೆಯಂತೆ ಕೊಡುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ, ರೀಲುಗಳ ಸಂಖ್ಯೆ, ಪ್ರಮಾಣಪತ್ರದ ತಾರೀಖು ಇವು ಇರುತ್ತವೆ. 35 ಮಿಲಿಮೀಟರಿನ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರಿನಂತೆ ಓಡುತ್ತದೆ. ಪ್ರಮಾಣಪತ್ರದ ಉದ್ದ 4,115 ಮೀಟರು ಎಂದಿದ್ದರೆ ಚಿತ್ರದ ಅವಧಿ 150 ನಿಮಿಷ. ದೂರದರ್ಶನದ ವೇಗದಲ್ಲಿ 144 ನಿಮಿಷ. ಕೈಯಲ್ಲಿರುವ ತಟ್ಟೆ 131 ನಿಮಿಷಕ್ಕೇ ಮುಗಿದರೆ ಹದಿಮೂರು ನಿಮಿಷಗಳ ಚಿತ್ರಪಾತವಾಗಿದೆಯೆಂದು ನಿಶ್ಚಯವಾಗಿ ಹೇಳಬಹುದು. ಈ ಲೆಕ್ಕಕ್ಕೆ ಬೇಕಾದುದು ಒಂದು ಗಡಿಯಾರ ಮತ್ತು ಒಂದು ಭಾಗಾಕಾರ ಮಾತ್ರ.

ಪ್ರಮಾಣಪತ್ರದಿಂದ ಬೇರೆ ಪ್ರಯೋಜನಗಳೂ ಉಂಟು. ಮಂಡಳಿಯು ಕತ್ತರಿ ಪ್ರಯೋಗಿಸಿದ್ದರೆ ಪತ್ರದ ಕೆಳಗಿನ ಎಡಮೂಲೆಯಲ್ಲಿ ತ್ರಿಕೋನದ ಗುರುತನ್ನು ಹಾಕುವ ನಿಯಮವಿದೆ. ಶಾಸನದ ಕೊನೆಯಲ್ಲಿ ಬರುವ ತಿಥಿವಾರಗಳಿಗೂ ಲಿಪಿಕಾರನ ಹೆಸರಿಗೂ ಇತಿಹಾಸಕಾರನು ಕೊಡುವ ಬೆಲೆಯನ್ನು ಈ ಪತ್ರಕ್ಕೆ ಕೊಡಬೇಕು. ಆದರೆ ಅನೇಕ ಮನೆಪ್ರತಿಗಳು ಪ್ರಮಾಣಪತ್ರವನ್ನು ಬಿಟ್ಟು ಕಂಪೆನಿಯ ಲಾಂಛನದಿಂದಲೇ ಆರಂಭವಾಗುತ್ತವೆ. ಇದು ವ್ಯಾಪಾರಿಯ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವೆಂದು ಯಾರೂ ತಿಳಿಯಬೇಕಾಗಿಲ್ಲ. 1984ರಲ್ಲಿ ಕೃತಿಸ್ವಾಮ್ಯದ ಕಾಯಿದೆಗೆ ತಂದ ತಿದ್ದುಪಡಿಯ 52ಎ ವಿಧಿಯಂತೆ, ಪ್ರಮಾಣಪತ್ರ ಬೇಕಾದ ಚಿತ್ರವನ್ನು ವಿಡಿಯೋ ರೂಪದಲ್ಲಿ ಪ್ರಕಟಿಸುವವರು ಆ ಪತ್ರದ ನಕಲನ್ನೂ, ತಯಾರಕರ ಮತ್ತು ಹಕ್ಕುದಾರರ ಹೆಸರು ವಿಳಾಸಗಳನ್ನೂ ಚಿತ್ರದಲ್ಲಿಯೂ ಅದರ ಪೆಟ್ಟಿಗೆಯ ಮೇಲೂ ತೋರಿಸತಕ್ಕದ್ದು. ಕಳ್ಳಪ್ರತಿಗಳನ್ನು ತಡೆಯುವುದು ಈ ವಿಧಿಯ ಉದ್ದೇಶವಾಗಿತ್ತು. ಆದರೂ ಸಂಶೋಧಕನು ಕೇಳಬೇಕೆಂದಿದ್ದುದನ್ನೇ ಕಾನೂನು ಆಗಲೇ ಕೇಳಿರುವುದು ಗಮನಾರ್ಹ. ವಿಮರ್ಶಕರು ಅದನ್ನು ನೆನಪಿಸುವ ಕೆಲಸವನ್ನಾದರೂ ಮಾಡಬೇಡವೆ?

4

ಮೇಲಿನ ಸೂತ್ರಗಳನ್ನು ಕೆಲವು ಚಿತ್ರಗಳಿಗೆ ಅನ್ವಯಿಸಿ ನೋಡಿದರೆ ಅವುಗಳ ಪ್ರಯೋಜನ ವಿಶದವಾಗುತ್ತದೆ.

ಮೊದಲಿಗೆ ‘ಸಂಸ್ಕಾರ’ (1970). ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ, ಗಿರೀಶ ಕಾರ್ನಾಡ ಮತ್ತು ಪಿ. ಲಂಕೇಶರು ನಟಿಸಿದ ಈ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನು ನಿರಾಕರಿಸಿತು. ಅನಂತರ ಕೇಂದ್ರ ಸರ್ಕಾರದ ಮಟ್ಟದಲ್ಲಿ ತೀರ್ಮಾನ ಬದಲಾಯಿತು. ಕೊನೆಗೆ ಅದು ರಾಷ್ಟ್ರಪತಿಗಳ ಸುವರ್ಣಪದಕವನ್ನೂ ಪಡೆಯಿತು. ಇಷ್ಟು ಸಂಘರ್ಷವನ್ನು ದಾಟಿ ಬಂದ ಚಿತ್ರದ ಪ್ರಮಾಣಪತ್ರವೇ ಒಂದು ಚಾರಿತ್ರಿಕ ದಾಖಲೆ. ಅದಿಲ್ಲದ ಪ್ರತಿಯನ್ನು ನೋಡಿ, ಇದೇ ಜನ 1970ರಲ್ಲಿ ಕಂಡ ಚಿತ್ರವೆಂದು ವಿದ್ಯಾರ್ಥಿಯು ಬರೆದರೆ ಆ ಹೇಳಿಕೆಗೆ ಆಧಾರವಿರುವುದಿಲ್ಲ. ಇದರ ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕವನ್ ಅವರದು. ಮಲೆನಾಡಿನ ಅಗ್ರಹಾರದ ಬೆಳಕನ್ನು ಹೊರಗಿನ ಕಣ್ಣೊಂದು ಹೇಗೆ ಕಂಡಿತೆಂಬ ಪ್ರಶ್ನೆ ಸ್ವಾರಸ್ಯವಾದುದು. ಆದರೆ ಬೆಳಕೇ ಉಳಿಯದ ಪ್ರತಿಯಿಂದ ಅದಕ್ಕೆ ಉತ್ತರ ದೊರೆಯದು.

ಎರಡನೆಯದಾಗಿ, ಈಚೆಗೆ ‘ಕಲ್ಟ್’ ಎಂದು ಕರೆಯಲಾಗುತ್ತಿರುವ, ನಿಷ್ಠೆಯುಳ್ಳ ಭಕ್ತಮಂಡಲಿಯೊಂದನ್ನು ಪಡೆದ ಚಿತ್ರಗಳು. ಅಭಿಜಾತ ಕೃತಿಯನ್ನು ವಿದ್ವಾಂಸರು ಕಾಯುತ್ತಾರೆ. ಈ ಬಗೆಯ ಚಿತ್ರವನ್ನು ಪ್ರೇಕ್ಷಕರು ಮತ್ತೆ ಮತ್ತೆ ನೋಡಿ ಕಾಯುತ್ತಾರೆ. ಉಪೇಂದ್ರರು ನಿರ್ದೇಶಿಸಿದ ‘ಓಂ’ (1995) ಇದಕ್ಕೆ ಪ್ರಸಿದ್ಧ ದೃಷ್ಟಾಂತ. ದೂರದರ್ಶನದ ವಾಹಿನಿಗಳಿಗೆ ಅದರ ಹಕ್ಕನ್ನು 2015ರವರೆಗೆ ಕೊಡದಿದ್ದುದರಿಂದ ಚಿತ್ರಮಂದಿರಗಳಲ್ಲಿ ಅದು ನೂರಾರು ಸಲ ಪುನಃ ತೆರೆಕಂಡಿತು. ಅದೇ ನಿರ್ದೇಶಕರ ‘ಎ’ (1998) ಕಾಲಕ್ರಮವನ್ನು ಬುದ್ಧಿಪೂರ್ವಕವಾಗಿ ಹಿಂದುಮುಂದು ಮಾಡಿದ ಚಿತ್ರ. ನೇರವಾದ ಕಥೆಯಲ್ಲಿ ಒಂದು ದೃಶ್ಯ ಬಿಟ್ಟುಹೋದರೆ ಪ್ರೇಕ್ಷಕನು ಅದನ್ನು ಊಹಿಸಿಕೊಳ್ಳಬಲ್ಲನು. ಇಂಥ ಚಿತ್ರದಲ್ಲಿ ಒಂದು ನೆಗೆತ ಕಂಡರೆ ಅದು ನಿರ್ದೇಶಕನ ತಂತ್ರವೋ ತಟ್ಟೆಯ ಲೋಪವೋ ಹೇಳಬರುವುದಿಲ್ಲ. ಪಾಠ ವಕ್ರವಾದಷ್ಟೂ ಪ್ರತಿ ಶುದ್ಧವಾಗಿರಬೇಕೆಂಬ ಗ್ರಂಥಸಂಪಾದಕರ ಅನುಭವ ಇಲ್ಲಿಯೂ ಸಲ್ಲುತ್ತದೆ. ಜನಪ್ರಿಯ ಚಿತ್ರಗಳಿಗೆ ಇಷ್ಟೆಲ್ಲ ಶಾಸ್ತ್ರ ಬೇಡವೆನ್ನುವವರು ಇದನ್ನು ಯೋಚಿಸಬೇಕು.

ಮೂರನೆಯದು ವರ್ಣಲೇಪನದ ಪ್ರಶ್ನೆ. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ ಬಣ್ಣ ತೊಟ್ಟು ತೆರೆಗೆ ಬಂದಿತು. ದೊರೆ-ಭಗವಾನರ ‘ಕಸ್ತೂರಿ ನಿವಾಸ’ (1971) 2014ರಲ್ಲಿ ಹಾಗೆಯೇ ಬಂದಿತು. ಎರಡರಲ್ಲಿಯೂ ರಾಜಕುಮಾರರ ಮೇಲಿನ ಅಭಿಮಾನದಿಂದ ಹೊಸ ತಲೆಮಾರಿನ ಪ್ರೇಕ್ಷಕರು ಚಿತ್ರಮಂದಿರಕ್ಕೆ ಬಂದರೆಂಬುದು ನಿಜ. ಇದನ್ನು ಸಮರ್ಥಿಸುವವರ ವಾದಕ್ಕೂ ಬಲವಿದೆ. ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿಯೇ ವರ್ಣದಲ್ಲಿ ಬಂದಿದ್ದರೂ ಅನಂತರ ಎಷ್ಟೋ ವರ್ಷ ನಮ್ಮ ನಿರ್ಮಾಪಕರು ಕಪ್ಪುಬಿಳುಪನ್ನು ಆರಿಸಿಕೊಂಡದ್ದಕ್ಕೆ ಹಣದ ಅಭಾವವೂ ಒಂದು ಕಾರಣ. ಕೈಯಲ್ಲಿ ಹಣವಿದ್ದಿದ್ದರೆ ಅವರೇ ಬಣ್ಣ ಹಾಕುತ್ತಿದ್ದರು. ಹೀಗಿರಲಾಗಿ ಅವರು ಮಾಡಲಾಗದ್ದನ್ನು ನಾವು ಮಾಡಿದರೆ ತಪ್ಪೇನು ಎಂದು ಅವರು ಕೇಳುತ್ತಾರೆ.

ಇತಿಹಾಸದ ದೃಷ್ಟಿಯಿಂದ ಇದಕ್ಕೆ ಉತ್ತರ ಹೀಗೆ. ಹಣದ ಅಭಾವವೂ ಇತಿಹಾಸವೇ. ಕಪ್ಪುಬಿಳುಪಿನಲ್ಲಿ ಚಿತ್ರಿಸಬೇಕೆಂದು ನಿಶ್ಚಯವಾದ ಮೇಲೆ ಛಾಯಾಗ್ರಾಹಕನು ದೀಪಗಳನ್ನು ಇಟ್ಟದ್ದು, ಗೋಡೆಯ ಬಣ್ಣವನ್ನೂ ನಟಿಯ ಸೀರೆಯನ್ನೂ ಆರಿಸಿದ್ದು ಆ ಮಾಧ್ಯಮಕ್ಕಾಗಿ. ತೆರೆಯ ಮೇಲೆ ಒಂದು ಬಗೆಯ ಬೂದಿಬಣ್ಣ ಬರಲೆಂದು ಆರಿಸಿದ ಬಟ್ಟೆಗೆ ಇಂದು ಯಂತ್ರದಿಂದ ಹಚ್ಚುವ ಬಣ್ಣ ಊಹೆಯ ಬಣ್ಣ. ಅದು ಪ್ರಕ್ಷಿಪ್ತ. ಪ್ರಕ್ಷಿಪ್ತ ಪದ್ಯಗಳು ಒಮ್ಮೊಮ್ಮೆ ಸುಂದರವಾಗಿರುತ್ತವೆ. ಆದರೂ ಸಂಪಾದಕನು ಅವನ್ನು ಮೂಲದೊಡನೆ ಬೆರಸದೆ ಬೇರೆಯಾಗಿ ತೋರಿಸುತ್ತಾನೆ. ‘ಕಸ್ತೂರಿ ನಿವಾಸ’ದ ನಾಯಕನು ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯನಾಗಿದ್ದವನು, ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ. ಆ ಬರಿದಾಗುವಿಕೆಗೆ ಕಪ್ಪುಬಿಳುಪಿನ ಸಂಯಮ ಒಪ್ಪುವಷ್ಟು ಬಣ್ಣದ ಸಮೃದ್ಧಿ ಒಪ್ಪದೆಂಬುದು ಈ ಲೇಖಕನ ಅಭಿಪ್ರಾಯ. ಅಭಿರುಚಿಯಲ್ಲಿ ಭೇದವಿರಬಹುದು, ಇರಲಿ. ವಿವಾದಕ್ಕೆ ಎಡೆಯಿಲ್ಲದ ಮಾತೊಂದು ಉಂಟು: ಬಣ್ಣದ ಪ್ರತಿಯ ಜೊತೆಗೆ ಮೂಲದ ಪ್ರತಿಯೂ ದೊರೆಯುವಂತಿರಬೇಕು. ಗುಡಿಯ ಜೀರ್ಣೋದ್ಧಾರದ ಉತ್ಸಾಹದಲ್ಲಿ ಗೋಡೆಯ ಶಾಸನದ ಮೇಲೆ ಸುಣ್ಣ ಬಳಿದ ಎಷ್ಟೋ ಊರುಗಳನ್ನು ಶಾಸನಸಂಶೋಧಕರು ಕಂಡಿದ್ದಾರೆ. ಅಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಶಾಸನ ಮಾತ್ರ ಓದಲು ಬಾರದಂತಾಯಿತು.

ನಾಲ್ಕನೆಯದು ಇದಕ್ಕೆ ಎದುರಾದ, ಅನುಕರಣೀಯವಾದ ಉದಾಹರಣೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಆ ವರ್ಷದ ಸ್ವರ್ಣಕಮಲವನ್ನು ಪಡೆದ ಚಿತ್ರ, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಸಂಗೀತ ಬಿ. ವಿ. ಕಾರಂತರದು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ಫಿಲ್ಮ್ ಫೌಂಡೇಶನ್ನಿನ ವಿಶ್ವಚಿತ್ರ ಯೋಜನೆ ಇವುಗಳ ಸಹಕಾರದಿಂದ ಇದರ ಜೀರ್ಣೋದ್ಧಾರ ನಡೆದು, 2024ರಲ್ಲಿ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನವಾಯಿತು. ಇಂಥ ಕಾರ್ಯದಲ್ಲಿ ಯಾವ ನೆಗೆಟಿವಿನಿಂದ, ಯಾವ ಪ್ರಿಂಟಿನಿಂದ ಪಾಠವನ್ನು ಸಿದ್ಧಪಡಿಸಿತೆಂಬುದನ್ನು ಹೇಳುವುದು ರೂಢಿ. ನಮ್ಮ ಗ್ರಂಥಗಳ ಪೀಠಿಕೆಯಲ್ಲಿ ಪ್ರತಿಗಳ ವಿವರ ಬರುವಂತೆ. ಈ ಚಿತ್ರಕ್ಕೆ ಆ ಶ್ರಮ ಏಕೆ ಬೇಕಾಯಿತೆಂಬುದನ್ನು ಚಿತ್ರವೇ ಹೇಳುತ್ತದೆ. ವೇದಪಾಠಶಾಲೆಗೆ ಬಂದ ನಾಣಿಯೆಂಬ ಬಾಲಕನ ಕಣ್ಣಿನಲ್ಲಿ ವಿಧವೆ ಯಮುನಕ್ಕನ ದುರಂತವನ್ನು ಕಾಣಿಸುವುದು ಇದರ ರೀತಿ. ಹುಡುಗನಿಗೆ ಎಲ್ಲವೂ ಅರ್ಥವಾಗದು. ಅರ್ಧ ಕಂಡು ಅರ್ಧ ಹೆದರುತ್ತಾನೆ. ಕತ್ತಲೆಯಲ್ಲಿ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂಬುದರ ಮೇಲೆಯೇ ಇಲ್ಲಿ ಅರ್ಥ ನಿಂತಿದೆ. ಕತ್ತಲೆಯನ್ನೆಲ್ಲ ಒಂದೇ ಮಸಿಯಾಗಿ ತೋರುವ ಪ್ರತಿಯಲ್ಲಿ ಕಥೆ ತಿಳಿಯುತ್ತದೆ, ನಾಣಿಯ ಭಯ ತಿಳಿಯುವುದಿಲ್ಲ. ಅಂಥ ಪ್ರತಿಯನ್ನು ನೋಡಿ ಚಿತ್ರವು ಮಂದವಾಗಿದೆಯೆಂದು ತೀರ್ಪು ಕೊಡುವುದು ಅನ್ಯಾಯ.

5

ಇಷ್ಟರಿಂದ ಹಳೆಯ ಟೇಪುಗಳನ್ನೂ ವಿಸಿಡಿಗಳನ್ನೂ ತ್ಯಾಜ್ಯವೆಂದು ತಳ್ಳಬೇಕೆಂದು ಓದುಗರು ತಿಳಿಯಬಾರದು. ಲೇಖನದ ಅಭಿಪ್ರಾಯ ಅದಕ್ಕೆ ವಿರುದ್ಧವಾದುದು. ಫ್ರಿಟ್ಸ್ ಲಾಂಗನ ‘ಮೆಟ್ರೊಪೊಲಿಸ್’ (1927) ಮೊದಲ ಪ್ರದರ್ಶನದ ಅನಂತರ ಕತ್ತರಿಗೆ ಸಿಕ್ಕಿ ಕುಗ್ಗಿತು. ಹೋದ ಭಾಗ ಶಾಶ್ವತವಾಗಿ ಹೋಯಿತೆಂದೇ ಜಗತ್ತು ನಂಬಿತ್ತು. 2008ರಲ್ಲಿ ಅರ್ಜೆಂಟೀನದ ಬ್ಯೂನಸ್ ಏರಿಸ್ ನಗರದಲ್ಲಿ 16 ಮಿಲಿಮೀಟರಿನ ಗೀರುಬಿದ್ದ ಪ್ರತಿಯೊಂದು ದೊರೆತು, ಸುಮಾರು 25 ನಿಮಿಷಗಳ ಲುಪ್ತಭಾಗ ಅದರಿಂದ ಮರಳಿ ಬಂದಿತು. ಬಿಂಬದ ದೃಷ್ಟಿಯಿಂದ ಅದು ಕೀಳು ಪ್ರತಿ. ಪಾಠದ ದೃಷ್ಟಿಯಿಂದ ಅಮೂಲ್ಯವಾದುದು. ಸತ್ಯಜಿತ್ ರಾಯರ ಅಪು ಚಿತ್ರತ್ರಯದ ನೆಗೆಟಿವುಗಳು 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟು ಕೆಟ್ಟವು; ಅಳಿದುಳಿದ ಭಾಗಗಳನ್ನು ಬೇರೆ ಆಕರಗಳೊಡನೆ ಕೂಡಿಸಿ ಸಿದ್ಧಪಡಿಸಿದ ಪಾಠ 2015ರಲ್ಲಿ ಹೊರಬಂದಿತು. ಅಶುದ್ಧ ಪ್ರತಿಯಲ್ಲಿಯೂ ಶುದ್ಧ ಪಾಠ ಅಡಗಿರಬಹುದೆಂದು ನಮ್ಮ ಸಂಪಾದಕರೂ ಬಲ್ಲರು; ಹುಳು ತಿಂದ ಓಲೆಯೊಂದರಿಂದ ಕಾವ್ಯದ ಲುಪ್ತಪದ್ಯ ದೊರೆತ ನಿದರ್ಶನಗಳು ಕಡಮೆಯಿಲ್ಲ.

ಆದುದರಿಂದ ನಮ್ಮ ನಗರದ ಹಳೆಯ ಬಡಾವಣೆಗಳ ಮನೆಗಳಲ್ಲಿ ಬೀರುಗಳ ಮೇಲೆ ಬಿದ್ದಿರುವ ಟೇಪುಗಳು ಬರಿಯ ಕಸವಲ್ಲ. ದೂರದರ್ಶನದಲ್ಲಿ 1980ರ ದಶಕದಲ್ಲಿ ಪ್ರಸಾರವಾದ ಹಳೆಯ ಚಿತ್ರವೊಂದನ್ನು ಯಾರಾದರೂ ಮನೆಯಲ್ಲಿ ಹಿಡಿದಿಟ್ಟಿದ್ದರೆ, ಅನಂತರ ಕಳೆದುಹೋದ ರೀಲೊಂದರ ಏಕೈಕ ಸಾಕ್ಷಿ ಅದೇ ಆಗಿರುವ ಸಂಭವವುಂಟು. ಕಾಂತಪಟ್ಟಿಯ ಲೇಪನ ಉದುರುತ್ತದೆ, ತಟ್ಟೆಯ ಲೋಹದ ಪದರ ಕೊಳೆಯುತ್ತದೆ, ಓಡಿಸುವ ಯಂತ್ರಗಳೂ ಸಿಕ್ಕುವುದಿಲ್ಲ. ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವಾಗ ಈ ಪೆಟ್ಟಿಗೆಗಳು ಗುಜರಿಗೆ ಹೋಗುತ್ತಿವೆ. ಓಲೆಗರಿಗಳನ್ನು ಹೊಳೆಗೆ ಬಿಟ್ಟ ಕಾಲವನ್ನು ನಾವು ಮರುಕದಿಂದ ನೆನೆಯುತ್ತೇವೆ. ಮುಂದಿನವರು ನಮ್ಮನ್ನು ಕುರಿತು ಹಾಗೆಯೇ ಹೇಳುವಂತಾಗಬಾರದು.

ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳು ದೊಡ್ಡ ಹಣವಿಲ್ಲದೆಯೇ ಮಾಡಬಹುದಾದ ಕೆಲಸ ಇಲ್ಲಿದೆ. ಮೊದಲನೆಯದಾಗಿ, ಚಿತ್ರವನ್ನು ಕುರಿತು ವಿದ್ಯಾರ್ಥಿ ಬರೆಯುವ ಪ್ರತಿಯೊಂದು ಪ್ರಬಂಧದಲ್ಲಿಯೂ ನೋಡಿದ ಪ್ರತಿಯ ಬಗೆ, ಪ್ರಕಾಶಕ, ಅಳೆದ ಅವಧಿ, ಚೌಕಟ್ಟಿನ ಪ್ರಮಾಣ, ಪ್ರಮಾಣಪತ್ರವಿದೆಯೇ ಇಲ್ಲವೇ, ಅದರಲ್ಲಿ ಹೇಳಿದ ಉದ್ದ, ವಿರಾಮದ ಸ್ಥಾನ ಇವನ್ನು ಆರಂಭದಲ್ಲಿಯೇ ಬರೆಯುವ ನಿಯಮವಿರಲಿ. ಎರಡನೆಯದಾಗಿ, ಒಂದು ಚಿತ್ರದ ಎರಡು ಮೂರು ಪ್ರತಿಗಳು ದೊರೆತಲ್ಲಿ ಅವನ್ನು ಹೋಲಿಸಿ ಪಾಠಾಂತರಗಳನ್ನು ಪಟ್ಟಿಮಾಡಲಿ. ಸಂಶೋಧನೆಯ ಮೊದಲ ಪಾಠಕ್ಕೆ ಇದಕ್ಕಿಂತ ತಕ್ಕ ಅಭ್ಯಾಸ ಸಿಕ್ಕುವುದು ಅಪೂರ್ವ. ಮೂರನೆಯದಾಗಿ, ತಮ್ಮ ತಮ್ಮ ಬಡಾವಣೆಯ ಮನೆಗಳಲ್ಲಿ ಉಳಿದಿರುವ ಟೇಪುಗಳ ಸೂಚಿಯೊಂದನ್ನು ವಿಭಾಗಗಳು ಸಿದ್ಧಪಡಿಸಲಿ. ಕೃತಿಸ್ವಾಮ್ಯದ ಕಾರಣದಿಂದ ನಕಲು ಮಾಡುವುದಕ್ಕೆ ತೊಡಕಿರಬಹುದು, ಸೂಚಿಯನ್ನು ತಯಾರಿಸುವುದಕ್ಕೆ ತೊಡಕಿಲ್ಲ. ಎಲ್ಲಿ ಏನಿದೆಯೆಂದು ತಿಳಿದಿದ್ದರೆ ಭಂಡಾರಗಳು ಕೇಳಿಕೊಂಡು ಬರುತ್ತವೆ.

ವಿಮರ್ಶಕನ ಕರ್ತವ್ಯವೂ ಇದರಿಂದ ಸ್ಪಷ್ಟವಾಗುತ್ತದೆ. ಹಳೆಯ ಚಿತ್ರವೊಂದು ಮನೆಪ್ರತಿಯಾಗಿ ಬಂದಾಗ, ಚಿತ್ರ ಒಳ್ಳೆಯದೇ ಕೆಟ್ಟದ್ದೇ ಎಂದು ಹೇಳಿದರೆ ಅರ್ಧ ಕೆಲಸವಾಯಿತು. ಎಷ್ಟು ಭಾಗ ಉಳಿದು ಬಂದಿದೆ, ಯಾವುದು ಬಿಟ್ಟುಹೋಗಿದೆ, ಯಾವುದು ಹೊಸದಾಗಿ ಸೇರಿದೆ ಎಂದು ಹೇಳಿದಾಗಲೇ ಅದು ಪೂರ್ಣವಾಗುತ್ತದೆ. ಕೊಳ್ಳುವವರೂ ಬರೆಯುವವರೂ ಇದನ್ನು ಕೇಳುವ ಅಭ್ಯಾಸ ಮಾಡಿಕೊಂಡರೆ ಪ್ರಕಾಶಕರು ಹೇಳುವ ಅಭ್ಯಾಸವನ್ನು ಮಾಡಿಕೊಂಡಾರು. ‘ಸತಿ ಸುಲೋಚನ’ವನ್ನು ನಾವು ಮತ್ತೆ ನೋಡುವಂತಿಲ್ಲ, ಅದರ ಅನಂತರ ಬಂದವುಗಳಲ್ಲಿ ಉಳಿದಿರುವುದನ್ನಾದರೂ ಇದ್ದದ್ದು ಇದ್ದಂತೆ ಮುಂದಿನವರಿಗೆ ದಾಟಿಸಬೇಕು.